ಅನ್ಯಾಯವನ್ನು ತಾಳುವವರಿಗೆ ಇಟ್ಟ ಮೇಲ್ಪಂಕ್ತಿ

ವೇದಪಾಠ: 1 ಪೇತ್ರ 2:18–25



ಈ ವಾಕ್ಯಭಾಗವು ಸಭೆಯಲ್ಲಿ ಓದಲ್ಪಡುವಾಗ ಕೇಳುವವರಲ್ಲಿ ಕೆಲವರು ತಲೆತಗ್ಗಿಸುವದುಂಟು. ದಣಿಯ ಬೈಗಳನ್ನು ಕೇಳಿ ಬಂದವರು, ದುಡಿದ ಕೂಲಿ ಕೈಗೆ ಬಾರದೆ ಹಿಂತಿರುಗಿದವರು, ಮಾಡದ ತಪ್ಪನ್ನು ಹೊರಿಸಿಕೊಂಡವರು ನಮ್ಮ ನಡುವೆ ಕೂತಿದ್ದಾರೆ. ನಮ್ಮ ಹಳ್ಳಿಗಳಿಂದ ಬೆಂಗಳೂರಿಗೆ ಹೋದ ಹೆಣ್ಣುಮಕ್ಕಳು ವಿಜಯನಗರ, ಚಂದ್ರಾ ಲೇಔಟ್, ನಾಗರಭಾವಿ ಮುಂತಾದ ಬಡಾವಣೆಗಳ ಮನೆಗಳಲ್ಲಿ ಪಾತ್ರೆ ತೊಳೆದು ನೆಲ ಒರಸುತ್ತಾರೆ. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಯುತ್ತಾರೆ. ಅವರ ತಾಯಿತಂದೆಗಳು ಊರಿನಲ್ಲಿ ಈ ಪತ್ರಿಕೆಯನ್ನು ಓದುತ್ತಾರೆ. ಸಾತ್ವಿಕರಾದ ಒಡೆಯರಿಗೆ ಮಾತ್ರವಲ್ಲ, ವಕ್ರರಾದ ಒಡೆಯರಿಗೂ ಅಧೀನರಾಗಿರಬೇಕೆಂದು ಅಪೊಸ್ತಲನಾದ ಪೇತ್ರನು ಬರೆದದ್ದನ್ನು ಕೇಳಿದಾಗ ಇವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹಾಗಾದರೆ ಅನ್ಯಾಯವನ್ನು ನ್ಯಾಯವೆಂದು ನಾವು ಒಪ್ಪಿಕೊಳ್ಳಬೇಕೋ? ಹೊಡೆಯುವವನು ಹೊಡೆಯುತ್ತಲೇ ಇರಲಿ ಎಂಬದು ದೇವರ ಚಿತ್ತವೋ?

ಇದು ಉಡಾಫೆಯ ಪ್ರಶ್ನೆಯಲ್ಲ. ಆದಕಾರಣ ಈ ತಿಂಗಳ ಪಾಠದಲ್ಲಿ ನಾವು ಈ ವಾಕ್ಯಭಾಗವನ್ನು ನಿಧಾನವಾಗಿ ವಿಚಾರಿಸುವೆವು. ಪ್ರತಿಯೊಬ್ಬರು ತಮ್ಮ ಸತ್ಯವೇದವನ್ನು ತೆರೆದು ಮುಂದಿಟ್ಟುಕೊಳ್ಳಲಿ. ಓದು ಬಾರದವರಿಗೆ ಮನೆಯ ಮಕ್ಕಳು ಓದಿ ಹೇಳಲಿ.

1. ಈ ಮಾತು ಯಾರ ಕೈಗೆ ಕೊಡಲ್ಪಟ್ಟಿತು?

ಮೊದಲು ಗಮನಿಸತಕ್ಕದ್ದು ಇದು. ಪೇತ್ರನು ಈ ವಚನಗಳಲ್ಲಿ ಒಡೆಯರೊಂದಿಗೆ ಮಾತಾಡುವದಿಲ್ಲ, ಸೇವಕರೊಂದಿಗೆ ಮಾತಾಡುತ್ತಾನೆ. ಮೂಲ ಗ್ರೀಕ್ ಭಾಷೆಯಲ್ಲಿ ಅವನು ಬಳಸಿದ ಪದಕ್ಕೆ ಮನೆಯಾಳುಗಳು ಎಂದರ್ಥ. ರೋಮಾ ರಾಜ್ಯದಲ್ಲಿ ಇಂಥವರಲ್ಲಿ ಬಹುಮಂದಿ ಕೊಂಡು ತಂದ ದಾಸರಾಗಿದ್ದರು. ಅವರಿಗೆ ಆಸ್ತಿಯಿಲ್ಲ, ದೂರು ಹೇಳಲು ಚಾವಡಿಯಿಲ್ಲ. ಲೋಕವು ಅವರನ್ನು ಮನೆಯ ಸಾಮಾನುಗಳ ಸಾಲಿನಲ್ಲಿ ಎಣಿಸುತ್ತಿತ್ತು. ಅಪೊಸ್ತಲನಾದರೋ ಅವರನ್ನು ನೇರವಾಗಿ ಕರೆದು, ಮನಸ್ಸಾಕ್ಷಿಯುಳ್ಳ ಮನುಷ್ಯರೆಂದು ಎಣಿಸಿ, ದೇವರು ನಿಮ್ಮನ್ನು ನೋಡುತ್ತಾನೆಂದು ಹೇಳಿದನು.

ಹೀಗಿರಲಾಗಿ ಈ ವಾಕ್ಯವು ಕಷ್ಟಪಡುವವನ ಕೈಗೆ ಕೊಡಲ್ಪಟ್ಟ ಊರುಗೋಲು. ಕಷ್ಟಪಡಿಸುವವನ ಕೈಗೆ ಕೊಡಲ್ಪಟ್ಟ ಚಾವಟಿಯಲ್ಲ. ಒಬ್ಬ ದಣಿಯು, ಒಬ್ಬ ಗಂಡನು, ಅಥವಾ ಸಭೆಯ ಒಬ್ಬ ಹಿರಿಯನು ಈ ವಚನವನ್ನು ಎತ್ತಿಕೊಂಡು, ನೋಡು, ನೀನು ಸುಮ್ಮನಿರಬೇಕೆಂದು ಬರೆದಿದೆ ಎಂದು ಇನ್ನೊಬ್ಬರನ್ನು ಗದರಿಸಿದರೆ, ಅವನು ಬೇರೆಯವರ ಹೆಸರಿಗೆ ಬಂದ ಕಾಗದವನ್ನು ಒಡೆದು ಓದಿದವನಾಗಿದ್ದಾನೆ. ಒಡೆಯರಿಗೆ ಬರೆದ ಕಾಗದವು ಬೇರೆ ಇದೆ. ಎಫೆಸದವರಿಗೆ ಬರೆದ ಪತ್ರದ 6:9, ಕೊಲೊಸ್ಸೆಯವರಿಗೆ ಬರೆದ ಪತ್ರದ 4:1, ಯಾಕೋಬನ ಪತ್ರದ 5:4 ಇವುಗಳನ್ನು ಅವನು ಮೊದಲು ಓದಲಿ. ಹಿಡಿದಿಟ್ಟ ಕೂಲಿಯು ತಾನೇ ಬಾಯಿಬಿಟ್ಟು ದೇವರಿಗೆ ಮೊರೆಯಿಡುತ್ತದೆಂದು ಯಾಕೋಬನು ಸಾರುತ್ತಾನೆ.

ಇನ್ನೊಂದನ್ನೂ ಇಲ್ಲಿಯೇ ಹೇಳಿಬಿಡುವೆವು. ತನ್ನ ತಪ್ಪಿಗೆ ತಾನು ಪೆಟ್ಟು ತಿಂದವನಿಗೆ ಯಾವ ಹೊಗಳಿಕೆಯೂ ಇಲ್ಲವೆಂದು 20ನೆಯ ವಚನದಲ್ಲಿದೆ. ಹೊತ್ತು ಮೀರಿ ಕೆಲಸಕ್ಕೆ ಹೋಗಿ ಅರ್ಧ ದಿನದ ಕೂಲಿ ಕಳಕೊಂಡವನು ತಾನು ಕ್ರಿಸ್ತನಿಗಾಗಿ ಹಿಂಸೆಪಟ್ಟೆನೆಂದು ಹೇಳಿಕೊಳ್ಳಬಾರದು. ಆದಕಾರಣ ಕಷ್ಟ ಬಂದಾಗ ಮೊದಲು ನಮ್ಮನ್ನು ನಾವೇ ಶೋಧಿಸಿಕೊಳ್ಳೋಣ. ನಮ್ಮಲ್ಲಿ ತಪ್ಪಿದ್ದರೆ ಅರಿಕೆಮಾಡಿ ತಿದ್ದಿಕೊಳ್ಳೋಣ. ಇಲ್ಲವಾದರೆ ಮುಂದಿನ ಮಾತು ನಮಗಾಗಿಯೇ ಇದೆ.

2. ಬರೆದವನು ಯಾರು?

ಅಧೀನತೆಯ ಕುರಿತು ಬರೆದ ಈ ಪೇತ್ರನು ಹುಟ್ಟಿನಿಂದ ಸಾಧುವಾದ ಮನುಷ್ಯನಾಗಿರಲಿಲ್ಲ. ಕರ್ತನು ಹಿಡಿಯಲ್ಪಟ್ಟ ರಾತ್ರಿಯಲ್ಲಿ ಅವನು ಅನ್ಯಾಯದ ಎದುರಿನಲ್ಲಿ ಎರಡು ದಾರಿಗಳನ್ನು ತುಳಿದು ನೋಡಿದನು. ಆ ಸಂಗತಿಯು ಯೋಹಾನನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿದೆ.

ಮೊದಲನೆಯದು ಕತ್ತಿಯ ದಾರಿ. ತೋಟದಲ್ಲಿ ಅವನು ಕತ್ತಿಯನ್ನು ಹಿರಿದು ಬೀಸಿದನು. ಆ ಏಟು ಯಾರಿಗೆ ತಗಲಿತು? ಅನ್ಯಾಯದ ಆಜ್ಞೆಯನ್ನು ಕೊಟ್ಟ ಮಹಾಯಾಜಕನಿಗೆ ತಗಲಲಿಲ್ಲ. ಅವನ ಆಳಾದ ಮಲ್ಕನೆಂಬವನ ಕಿವಿಗೆ ತಗಲಿತು. ಪ್ರಿಯರೇ, ಸಿಟ್ಟಿನ ಕತ್ತಿಯು ಇಂದಿಗೂ ಹೀಗೆಯೇ ಬೀಳುತ್ತದೆ. ದಣಿಯ ಮೇಲಿನ ಕೋಪವು ಮನೆಯಲ್ಲಿರುವ ಹೆಂಡತಿಯ ಮೇಲೆ ಬೀಳುತ್ತದೆ. ಹೆಂಡತಿಯ ಕೋಪವು ಕೂಸಿನ ಮೇಲೆ ಬೀಳುತ್ತದೆ. ದೊಡ್ಡವರು ದೂರದಲ್ಲಿ ಕ್ಷೇಮವಾಗಿರುತ್ತಾರೆ, ಕೈಗೆ ಸಿಕ್ಕಿದ ಬಡವನು ಕಿವಿ ಕಳಕೊಳ್ಳುತ್ತಾನೆ. ಕರ್ತನು ಆ ಆಳಿನ ಕಿವಿಯನ್ನು ಮುಟ್ಟಿ ವಾಸಿಮಾಡಿದನೆಂದು ಲೂಕನು ತಿಳಿಸುತ್ತಾನೆ (22:51).

ಎರಡನೆಯದು ನಿರಾಕರಣೆಯ ದಾರಿ. ಕೆಲವು ತಾಸುಗಳೊಳಗೆ ಅದೇ ಪೇತ್ರನು ಮಹಾಯಾಜಕನ ಮನೆಯಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಾ ನಿಂತಿದ್ದನು. ಬಾಗಿಲು ಕಾಯುವ ಒಬ್ಬ ದಾಸಿಯು ಕೇಳಿದ ಒಂದೇ ಪ್ರಶ್ನೆಗೆ ಹೆದರಿ, ತಾನು ಆತನ ಶಿಷ್ಯನಲ್ಲವೆಂದನು. ಸುಳ್ಳು ಹೇಳಿದರೆ ತನಗೆ ಏಟು ತಪ್ಪೀತೆಂದು ಅವನು ನೆನಸಿದನು. ಏಟು ತಪ್ಪಿತು, ಆದರೆ ಕೋಳಿ ಕೂಗಿದಾಗ ಅವನ ಎದೆಯು ಒಡೆಯಿತು.

ನೋಡಿರಿ, ಅವನು ಕತ್ತಿಯಿಂದ ಕಡಿದದ್ದು ಒಬ್ಬ ಮನೆಯಾಳನ್ನು. ಹೆದರಿ ಸುಳ್ಳು ಹೇಳಿದ್ದು ಒಬ್ಬ ಮನೆಯಾಳಿನ ಮುಂದೆ. ವರುಷಗಳಾದ ಮೇಲೆ ಅವನೇ ಮನೆಯಾಳುಗಳಿಗೆ ಈ ಪತ್ರವನ್ನು ಬರೆದನು. ಕತ್ತಿಯಿಂದಲೂ ಸುಳ್ಳಿನಿಂದಲೂ ಏನಾಗುತ್ತದೆಂಬದನ್ನು ಅವನು ತನ್ನ ಮೈಮೇಲೆಯೇ ಕಲಿತಿದ್ದನು.

3. ಮೂರನೆಯ ದಾರಿ

ಪೇತ್ರನು ಅಂಗಳದಲ್ಲಿ ನಿರಾಕರಿಸುತ್ತಿದ್ದ ಅದೇ ರಾತ್ರಿಯಲ್ಲಿ ಒಳಗೆ ಕರ್ತನು ಕಟ್ಟಲ್ಪಟ್ಟವನಾಗಿ ನಿಂತಿದ್ದನು. ಓಲೇಕಾರರಲ್ಲಿ ಒಬ್ಬನು ಆತನ ಕೆನ್ನೆಗೆ ಹೊಡೆದನು. ಆಗ ಆತನು ಮಾಡಿದ್ದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಿರಿ (ಯೋಹಾನ 18:22, 23). ಆತನು ತಿರುಗಿ ಹೊಡೆಯಲಿಲ್ಲ, ಶಪಿಸಲಿಲ್ಲ. ಆದರೆ ಹೊಡೆದದ್ದು ಸರಿಯೆಂದೂ ಹೇಳಲಿಲ್ಲ. ತಾನು ತಪ್ಪು ಮಾತಾಡಿದ್ದರೆ ಆ ತಪ್ಪನ್ನು ತೋರಿಸಬೇಕೆಂದೂ, ಸರಿಯಾಗಿ ಮಾತಾಡಿದ್ದರೆ ಹೊಡೆದದ್ದು ಯಾಕೆಂದೂ ಶಾಂತವಾಗಿ ಕೇಳಿದನು. ಇದು ಕತ್ತಿಯೂ ಅಲ್ಲ, ನಿರಾಕರಣೆಯೂ ಅಲ್ಲ. ಕಟ್ಟಿದ ಕೈಗಳೊಡನೆ ಕೇಳಿದ ನೆಟ್ಟಗಿನ ಪ್ರಶ್ನೆ.

21ನೆಯ ವಚನದಲ್ಲಿ ಮಾದರಿ ಎಂಬರ್ಥಕ್ಕೆ ಪೇತ್ರನು ಒಂದು ವಿಶೇಷವಾದ ಗ್ರೀಕ್ ಪದವನ್ನು ಇಟ್ಟಿದ್ದಾನೆ. ಅಕ್ಷರ ಕಲಿಯುವ ಮಕ್ಕಳಿಗೆ ಉಪಾಧ್ಯಾಯರು ಮೇಲೆ ಬರೆದುಕೊಡುವ ಸಾಲಿಗೆ ಆ ಪದವು ಸಲ್ಲುತ್ತಿತ್ತು. ನಾವು ಇದನ್ನೇ ಮೇಲ್ಪಂಕ್ತಿ ಎನ್ನುತ್ತೇವೆ. ಮಗುವು ಮೇಲಿನ ಸಾಲನ್ನು ನೋಡಿ ನೋಡಿ ಕೆಳಗೆ ತಿದ್ದುತ್ತದೆ. ಮೊದಲು ಗೆರೆ ಸೊಟ್ಟಾಗುತ್ತದೆ, ಕೈ ನಡುಗುತ್ತದೆ. ಮೇಲಿನ ಸಾಲು ಮಾತ್ರ ಅಲ್ಲಿಯೇ ಇರುತ್ತದೆ. ಕರ್ತನ ನಡತೆಯು ನಮಗೆ ಹಾಗೆಯೇ ಇಡಲ್ಪಟ್ಟಿದೆ.

ಆ ಮೇಲ್ಪಂಕ್ತಿಯಲ್ಲಿ ಮೂರು ಅಕ್ಷರಗಳನ್ನು ಕಾಣುತ್ತೇವೆ. ಒಂದು, ಆತನ ಬಾಯಲ್ಲಿ ಸುಳ್ಳಿರಲಿಲ್ಲ. ಎರಡು, ಆತನು ನಿಂದೆಗೆ ನಿಂದೆಯನ್ನು ತೂಗಿ ಕೊಡಲಿಲ್ಲ. ಮೂರು, ಆತನು ತನ್ನ ವ್ಯಾಜ್ಯವನ್ನು ನ್ಯಾಯವಾಗಿ ತೀರ್ಪುಮಾಡುವ ತಂದೆಯ ಕೈಯಲ್ಲಿ ಇಟ್ಟನು. ಈ ಮೂರನೆಯದೇ ಮೊದಲಿನ ಎರಡಕ್ಕೆ ಬೇರು. ಮೇಲೆ ಒಬ್ಬ ನ್ಯಾಯಾಧಿಪತಿ ಇಲ್ಲವಾದರೆ ತಾಳ್ಮೆಯು ಬರೇ ಹೇಡಿತನ. ಆತನು ಇರುವದರಿಂದಲೇ, ಸೇಡು ತೀರಿಸುವ ಹೊರೆಯನ್ನು ನಮ್ಮ ಹೆಗಲಿನಿಂದ ಇಳಿಸಿ ಸತ್ಯವನ್ನು ಹೇಳಲು ನಮಗೆ ಶಕ್ತಿಯುಂಟಾಗುತ್ತದೆ.

24ನೆಯ ವಚನದಲ್ಲಿ ಕರ್ತನ ಬಾಸುಂಡೆಗಳ ಮಾತು ಬರುತ್ತದೆ. ಬಾಸುಂಡೆ ಎಂದರೇನೆಂದು ಆ ಮನೆಯಾಳುಗಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ತಮ್ಮ ಬೆನ್ನುಗಳ ಮೇಲೆಯೇ ಅವುಗಳನ್ನು ಬಲ್ಲವರಿದ್ದರು. ನಿಮ್ಮ ರಕ್ಷಕನ ಬೆನ್ನೂ ನಿಮ್ಮ ಬೆನ್ನಿನ ಹಾಗೆಯೇ ಇತ್ತೆಂದು ಅಪೊಸ್ತಲನು ಅವರಿಗೆ ತಿಳಿಸಿದನು. ಇದಕ್ಕಿಂತ ಹತ್ತಿರದ ಆದರಣೆ ಯಾವದು?

4. ನಮ್ಮ ನಾಡಿನ ಸಭೆಗಳಲ್ಲಿ ನಡೆದದ್ದು

ಇಷ್ಟರ ವರೆಗೆ ಒಬ್ಬೊಬ್ಬ ಮನುಷ್ಯನು ತಾಳುವ ಅನ್ಯಾಯವನ್ನು ಕುರಿತು ಹೇಳಿದೆವು. ಇಡೀ ಸಭೆಯೇ ಅಧಿಕಾರದ ಕೈಯಲ್ಲಿ ಕಷ್ಟಪಡುವ ಕಾಲವೂ ಬರುತ್ತದೆ. ಅದಕ್ಕೆ ನಮ್ಮ ಕನ್ನಡ ನಾಡಿನಲ್ಲಿಯೇ ದೃಷ್ಟಾಂತವಿದೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಸ್ಥಾಪಿತವಾದ ಮಿಷನಿನ ಮೂವರು, ಅಂದರೆ ಹೆಬಿಕ್, ಲೇನರ್, ಗ್ರೈನರ್ ಎಂಬವರು, 1834ರಲ್ಲಿ ಮಂಗಳೂರಿಗೆ ಬಂದರು. ದೀಕ್ಷಾಸ್ನಾನ ಹೊಂದಿದವರಲ್ಲಿ ಅನೇಕರು ಜಾತಿಯಿಂದ ಹೊರಗಾಗಿ ಹೊಟ್ಟೆಪಾಡನ್ನು ಕಳಕೊಂಡರು. ಅವರಿಗೆ ಕೆಲಸ ಬೇಕಾಗಿದ್ದದರಿಂದ ಮಿಷನಿನವರು ಅಚ್ಚುಕೂಟವನ್ನೂ ನೇಯ್ಗೆಯ ಶಾಲೆಗಳನ್ನೂ ನಡಿಸಿ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆದರು. ಮಂಗಳೂರು ಹಂಚು ದೇಶವಿದೇಶಗಳಲ್ಲಿ ಹೆಸರಾಯಿತು. ಕರಾವಳಿಯಲ್ಲಿಯೂ ಧಾರವಾಡದ ಸೀಮೆಯಲ್ಲಿಯೂ ಸಭೆಗಳು ಬೆಳೆದವು.

1914ರಲ್ಲಿ ಮೊದಲನೆಯ ಮಹಾಯುದ್ಧವು ಹುಟ್ಟಿತು. ಮಿಷನಿನ ಮೂಲಸ್ಥಾನವು ಯುದ್ಧದಲ್ಲಿ ಸೇರದ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಮಿಷನರಿಗಳಲ್ಲಿ ಬಹುಮಂದಿ ಜರ್ಮನಿಯ ಪ್ರಜೆಗಳಾಗಿದ್ದರು. ಆದ್ದರಿಂದ ಬ್ರಿಟಿಷ್ ಸರಕಾರವು ಅವರನ್ನು ಶತ್ರುದೇಶದವರೆಂದು ಎಣಿಸಿತು. ಅನೇಕರು ಅಹ್ಮದನಗರದ ಶಿಬಿರದಲ್ಲಿ ಕಾವಲಲ್ಲಿಡಲ್ಪಟ್ಟರು. ನ್ಯಾಯಸ್ಥಾನದಲ್ಲಿ ವಿಚಾರಣೆಯಾಗಿ ಅಪರಾಧ ಸ್ಥಾಪಿತವಾಗಿ ಹೀಗಾದದ್ದಲ್ಲ. ಹುಟ್ಟಿದ ದೇಶವೇ ಅದಕ್ಕೆ ಕಾರಣವಾಯಿತು. 1915 ಮತ್ತು 1916ರಲ್ಲಿ ಗೋಲ್ಕೊಂಡ ಎಂಬ ಹಡಗಿನಲ್ಲಿ ಜರ್ಮನ್ ಮಿಷನರಿಗಳನ್ನೂ ಅವರ ಕುಟುಂಬಗಳನ್ನೂ ಯುರೋಪಿಗೆ ಕಳುಹಿಸಿಬಿಟ್ಟರು. 1919ರಲ್ಲಿ ಹಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಬ್ರಿಟಿಷ್ ಸಂಸ್ಥೆಯ ಕೈಗೆ ಹೋದವು.

ಯುದ್ಧಕಾಲದ ಸರಕಾರವು ಪರದೇಶದವರನ್ನು ಸಂಶಯದಿಂದ ನೋಡುವದು ಲೋಕರೂಢಿ. ಆದರೂ ಹಳ್ಳಿಯ ಸಭೆಯವರ ಕಣ್ಣಿಗೆ ಅದು ಹೇಗೆ ಕಂಡಿರಬೇಕೆಂದು ಯೋಚಿಸಿರಿ. ತಮ್ಮ ಮಕ್ಕಳಿಗೆ ಓದು ಕಲಿಸಿದವರು, ಖಾಯಿಲೆಯಲ್ಲಿ ಮದ್ದು ಕೊಟ್ಟವರು ಕಾವಲಲ್ಲಿದ್ದಾರೆ. ಅವರನ್ನು ಕಾವಲಲ್ಲಿಟ್ಟ ಸರಕಾರಕ್ಕೆ ತಾವು ಪ್ರಜೆಗಳಾಗಿದ್ದಾರೆ. ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯವನ್ನು ಅವರಿಗೆ ಕಲಿಸಿದವರೇ ಆ ಮಿಷನರಿಗಳು. ಇಲ್ಲಿಯೂ ಎರಡು ದಾರಿಗಳು ತೆರೆದಿದ್ದವು. ಸರಕಾರವನ್ನು ಶಪಿಸಿ ಎದುರುಬೀಳುವದು ಒಂದು. ನಮಗೂ ಆ ಮಿಷನಿಗೂ ಅದರ ಸುವಾರ್ತೆಗೂ ಸಂಬಂಧವೇ ಇಲ್ಲವೆಂದು ಜಾರಿಕೊಳ್ಳುವದು ಇನ್ನೊಂದು.

ಸಭೆಗಳು ಅಳಿದುಹೋಗಲಿಲ್ಲ. ದೇಶೀಯ ಬೋಧಕರೂ ಉಪದೇಶಿಗಳೂ ಹಿರಿಯರೂ ಕೆಲಸದ ಭಾರವನ್ನು ಹೊತ್ತರು. ಬೇರೆ ಮಿಷನುಗಳವರೂ ಸ್ವಿಟ್ಜರ್ಲೆಂಡಿನ ಸ್ನೇಹಿತರೂ ಕೈಕೊಟ್ಟರು. ಕಾಯಿದೆಯ ಮಾರ್ಗವನ್ನೂ ಯಾರೂ ಬಿಡಲಿಲ್ಲ. ಮಿಷನ್ ಆಸ್ತಿಗಳ ವಿಷಯವು ದೊಡ್ಡ ರಾಜ್ಯಗಳ ಮುಂದೆ ಎತ್ತಲ್ಪಟ್ಟಿತು. 1919ರ ವರ್ಸೈಲ್ಸ್ ಒಡಂಬಡಿಕೆಯ 438ನೆಯ ಕಲಮಿನಲ್ಲಿ, ಜರ್ಮನ್ ಮಿಷನುಗಳ ಆಸ್ತಿಯು ಮಿಷನ್ ಕಾರ್ಯಕ್ಕಾಗಿಯೇ ಉಪಯೋಗಿಸಲ್ಪಡಬೇಕೆಂದು ಗೊತ್ತುಮಾಡಲಾಯಿತು. 1920ರ ದಶಕದ ಉತ್ತರಾರ್ಧದಲ್ಲಿ ಬಾಸೆಲಿನವರು ತಿರಿಗಿ ನಮ್ಮ ನಾಡಿಗೆ ಬಂದರು. ಬಂದಾಗ ಅವರು ಕಂಡದ್ದು ತಾಯಿ ಇಲ್ಲದ ಕೂಸನ್ನಲ್ಲ; ತನ್ನ ಕಾಲ ಮೇಲೆ ನಿಲ್ಲಲು ಕಲಿಯುತ್ತಿದ್ದ ಸಭೆಯನ್ನು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯು ಮದರಾಸಿನಲ್ಲಿ ಸ್ಥಾಪಿತವಾಯಿತು. ಬಾಸೆಲಿನವರು ನೆಟ್ಟ ಕನ್ನಡ ಸಭೆಗಳಲ್ಲಿ ಬಹಳವು ಇಂದು ಅದಕ್ಕೆ ಸೇರಿವೆ.

ಆ ಅನ್ಯಾಯವು ಒಳ್ಳೇದಾಗಿತ್ತೆಂದು ಇದರಿಂದ ಹೇಳಕೂಡದು. ಕಹಿಯನ್ನು ಸಿಹಿಯೆಂದು ಕರೆಯಲು ದೇವರು ಎಲ್ಲಿಯೂ ಅಪ್ಪಣೆಕೊಟ್ಟಿಲ್ಲ. ಆದರೆ ದ್ವೇಷವಿಲ್ಲದೆಯೂ ಸುಳ್ಳಿಲ್ಲದೆಯೂ ತಾಳಿದ ಕಷ್ಟವನ್ನು ಆತನು ವ್ಯರ್ಥವಾಗಗೊಡಿಸುವದಿಲ್ಲ.

5. ಮನೆಗೆಲಸಕ್ಕೆ ಹೋದ ಸಹೋದರಿಗೆ

ಈಗ ಪಾಠವನ್ನು ನಮ್ಮ ದಿನಗಳಿಗೆ ತರುವೆವು. ಚಂದ್ರಾ ಲೇಔಟಿನ ಒಂದು ಮನೆಯಲ್ಲಿ ನಮ್ಮ ಸಹೋದರಿಯೊಬ್ಬಳು ಕೆಲಸಕ್ಕಿದ್ದಾಳೆಂದು ಭಾವಿಸೋಣ. ಒಂದು ದಿನ ಯಜಮಾನಿಯ ಚಿನ್ನದ ಸರವು ಕಾಣುವದಿಲ್ಲ. ನೀನೇ ತೆಗೆದಿ ಎಂಬ ಮಾತು ಬರುತ್ತದೆ. ಆ ತಿಂಗಳ ಸಂಬಳವನ್ನು ಹಿಡಿಯುತ್ತಾರೆ. ಅವಳು ತೆಗೆದಿಲ್ಲ.

ಪಕ್ಕದ ಮನೆಯ ಕೆಲಸದಾಕೆಯು ಬಂದು, ಹೇಗೂ ಕಳ್ಳಿ ಎಂದರಲ್ಲಾ, ಸಿಕ್ಕಿದ್ದನ್ನು ಎತ್ತಿಕೊಂಡು ಹೋಗು, ನಿನ್ನ ಸಂಬಳಕ್ಕೆ ಸರಿಹೋಗುತ್ತದೆ ಅನ್ನುವಳು. ಇದು ಕತ್ತಿಯ ದಾರಿ. ಇನ್ನೊಬ್ಬಳು ಬಂದು, ನಾನೇ ತೆಗೆದೆ, ತಪ್ಪಾಯಿತು ಎಂದು ಕಾಲಿಗೆ ಬೀಳು, ಕೆಲಸವಾದರೂ ಉಳಿದೀತು ಅನ್ನುವಳು. ಇದು ನಿರಾಕರಣೆಯ ದಾರಿ. ಮಾಡದ ಪಾಪವನ್ನು ಮಾಡಿದೆನೆಂದು ಒಪ್ಪುವದು ದೀನತೆಯಲ್ಲ, ಅದೂ ಸುಳ್ಳು.

ಮೇಲ್ಪಂಕ್ತಿಯನ್ನು ನೋಡಿ ಬರೆಯುವವಳು ಏನು ಮಾಡುವಳು? ಅವಳು ಧ್ವನಿಯೆತ್ತದೆ, ಅಮ್ಮಾ, ನಾನು ತೆಗೆದಿಲ್ಲ. ತೆಗೆದಿದ್ದರೆ ತೋರಿಸಿಕೊಡಿ, ಇಲ್ಲವಾದರೆ ನನ್ನ ಸಂಬಳವನ್ನು ಯಾಕೆ ಹಿಡಿಯುತ್ತೀರಿ ಎಂದು ಕೇಳುವಳು. ಆ ದಿನದ ಕೆಲಸವನ್ನು ಎಂದಿನಂತೆ ಶುದ್ಧವಾಗಿ ಮುಗಿಸುವಳು. ಸಂಜೆಗೆ ತನ್ನ ಸಭೆಯ ಪಾದ್ರಿಯವರಿಗಾಗಲಿ ಹಿರಿಯರಿಗಾಗಲಿ ತಿಳಿಸಿ, ಒಬ್ಬರನ್ನು ಸಂಗಡ ಕರಕೊಂಡು ಹೋಗಿ ತಿರಿಗಿ ಮಾತಾಡುವಳು. ಆ ಮನೆಯ ಕೂಸು ಅತ್ತರೆ ಮೊದಲಿನ ಪ್ರೀತಿಯಿಂದಲೇ ಎತ್ತಿಕೊಳ್ಳುವಳು. ಕೆಲಸ ಹೋದರೆ ಹೋಗಲಿ. ಅವಳ ಸತ್ಯ ಹೋಗದು.

ಸರ ಸಿಕ್ಕೀತೋ ಇಲ್ಲವೋ, ಯಜಮಾನಿಯ ಮನಸ್ಸು ತಿರುಗೀತೋ ಇಲ್ಲವೋ ಎಂಬದಕ್ಕೆ ನಾವು ಮಾತು ಕೊಡಲಾರೆವು. ಕೆಲವು ಸಾರಿ ಸತ್ಯವು ಈ ಲೋಕದಲ್ಲಿ ಬೆಳಕಿಗೆ ಬರುವದಿಲ್ಲ. ಆದರೆ ಅವಳು ಯಾರ ಮುಂದೆ ಕೆಲಸ ಮಾಡುತ್ತಿದ್ದಾಳೋ ಆ ಕರ್ತನಿಗೆ ಎಲ್ಲಾ ತಿಳಿದಿದೆ. ಹಾಗೂ ಸಭೆಗೆ ಇಲ್ಲಿ ಒಂದು ಕರ್ತವ್ಯವುಂಟು. ತಾಳಿಕೋ ಎಂದು ಹೇಳಿ ಕಳುಹಿಸಿಬಿಡುವ ಸಭೆಯು ಪೇತ್ರನ ಪತ್ರವನ್ನು ಅರ್ಧ ಓದಿದ ಸಭೆ. ಸಂಬಳ ಹೋದ ತಿಂಗಳು ಅವಳ ಮನೆಗೆ ಅಕ್ಕಿ ಮುಟ್ಟಿಸುವದೂ ಅವಳೊಂದಿಗೆ ಬಾಗಿಲ ವರೆಗೆ ನಡೆಯುವದೂ ನಮ್ಮ ಪಾಲು.

6. ಅಧೀನತೆಗೆ ಇರುವ ಮೇರೆಗಳು

ಕೊನೆಯದಾಗಿ, ಈ ಉಪದೇಶದ ಮೇರೆಗಳನ್ನು ಸತ್ಯವೇದದಿಂದಲೇ ತಿಳಿದುಕೊಳ್ಳೋಣ.

ಪಾಪಮಾಡೆಂದು ಅಧಿಕಾರಿಯು ಹೇಳಿದರೆ ಅಲ್ಲಿ ಅಧೀನತೆಯಿಲ್ಲ. ಸುವಾರ್ತೆಯನ್ನು ನುಡಿಯಬಾರದೆಂದು ಅಪ್ಪಣೆಯಾದಾಗ ಇದೇ ಪೇತ್ರನು ಮನುಷ್ಯರಿಗಿಂತ ದೇವರ ಮಾತೇ ಮೇಲೆಂದು ಸಭಾಮಂಟಪದಲ್ಲಿ ಉತ್ತರಕೊಟ್ಟನು (ಅ. ಕೃತ್ಯಗಳು 5:29). ಸುಳ್ಳು ಲೆಕ್ಕ ಬರೆಯೆಂದರೂ ಸುಳ್ಳು ಸಾಕ್ಷಿಗೆ ಹೆಬ್ಬೆಟ್ಟು ಒತ್ತೆಂದರೂ ಒತ್ತಬಾರದು.

ಪ್ರಾಣಕ್ಕೋ ಮಾನಕ್ಕೋ ಅಪಾಯವಿದ್ದರೆ ತಪ್ಪಿಸಿಕೊಳ್ಳುವದು ಅವಿಶ್ವಾಸವಲ್ಲ. ದಾವೀದನು ಸೌಲನ ಮೇಲೆ ಕೈಯೆತ್ತಲಿಲ್ಲ, ಆದರೂ ಈಟಿ ಬರುವ ಜಾಗದಲ್ಲಿ ಕೂತಿರಲಿಲ್ಲ, ಓಡಿಹೋದನು (1 ಸಮುವೇಲ 19:10, 24:10). ಪೌಲನನ್ನು ಶಿಷ್ಯರು ಹೆಡಿಗೆಯಲ್ಲಿ ಕೂಡ್ರಿಸಿ ಗೋಡೆಯಿಂದ ಇಳಿಸಿದರು. ಹೊಡೆಯುವ ಗಂಡನ ಮನೆಯಿಂದ ಮಕ್ಕಳನ್ನು ಕರಕೊಂಡು ಹೊರಟ ಹೆಂಗಸನ್ನೂ, ಕೈಹಾಕುವ ಯಜಮಾನನ ಮನೆಯ ಕೆಲಸ ಬಿಟ್ಟ ಹುಡುಗಿಯನ್ನೂ ಯಾರೂ ದೂಷಿಸಬಾರದು.

ಕಾಯಿದೆಯ ಆಶ್ರಯವನ್ನು ಹುಡುಕುವದೂ ತಪ್ಪಲ್ಲ. ಫಿಲಿಪ್ಪಿಯ ಸೆರೆಮನೆಯಲ್ಲಿ ಪೌಲನು ಮಧ್ಯರಾತ್ರಿಯಲ್ಲಿ ದೇವರನ್ನು ಸ್ತುತಿಸಿದನು, ಬೆಳಗಾದ ಮೇಲೆ, ವಿಚಾರಣೆಯಿಲ್ಲದೆ ರೋಮಾ ಪೌರರಾದ ತಮ್ಮನ್ನು ಹೊಡೆಸಿದ ಅಧಿಪತಿಗಳು ತಾವೇ ಬಂದು ಹೊರಗೆ ಕರಕೊಂಡು ಹೋಗಬೇಕೆಂದು ಕೇಳಿದನು (ಅ. ಕೃತ್ಯಗಳು 16:37). ಒಂದೇ ಬಾಯಿಂದ ಕೀರ್ತನೆಯೂ ಬಂತು, ದೂರೂ ಬಂತು. ನಮ್ಮ ದೇಶದಲ್ಲಿ ಜೀತಪದ್ಧತಿಯನ್ನು 1976ರ ಕಾಯಿದೆಯು ನಿಷೇಧಿಸಿದೆ. ಕರ್ನಾಟಕ ಸರಕಾರವು 2004ರಲ್ಲಿ ಮನೆಗೆಲಸದವರಿಗೂ ಕನಿಷ್ಠ ಕೂಲಿಯನ್ನು ಗೊತ್ತುಮಾಡಿತು. ಕೆಲಸದ ಸ್ಥಳದಲ್ಲಿ ಸ್ತ್ರೀಯರಿಗೆ ಆಗುವ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆಯು ಮನೆಗೆಲಸದವರನ್ನೂ ಒಳಗೊಳ್ಳುತ್ತದೆ. ಅಧಿಕಾರಿಗಳು ದೇವರ ಸೇವಕರೆಂದು ನಾವು ನಂಬುವದಾದರೆ, ನ್ಯಾಯಕ್ಕಾಗಿ ಅವರ ಬಾಗಿಲನ್ನು ತಟ್ಟುವದು ಆ ನಂಬಿಕೆಗೆ ಒಪ್ಪುವ ಕೆಲಸವೇ ಆಗಿದೆ. ಬಾಗಿಲು ತಟ್ಟುವಾಗಲೂ ಬಾಯಲ್ಲಿ ಸುಳ್ಳಿರಬಾರದು, ಎದೆಯಲ್ಲಿ ಹಗೆಯಿರಬಾರದು.

ಪ್ರಿಯರೇ, ನಾವು ಕುರಿಗಳ ಹಾಗೆ ದಾರಿತಪ್ಪಿದವರಾಗಿದ್ದು ಈಗ ನಮ್ಮ ಆತ್ಮಗಳ ಕುರುಬನ ಬಳಿಗೆ ಬಂದಿದ್ದೇವೆಂದು ಪೇತ್ರನು ಈ ಭಾಗವನ್ನು ಮುಗಿಸುತ್ತಾನೆ. ಕುರುಬನು ಕುರಿಯನ್ನು ಮಂದೆಯ ಲೆಕ್ಕದಿಂದ ಮಾತ್ರ ತಿಳಿಯುವದಿಲ್ಲ. ಯಾವದಕ್ಕೆ ಮುಳ್ಳು ಹೊಕ್ಕಿದೆಯೆಂದು ಬಲ್ಲನು. ನಿಮ್ಮ ಕಾಲಿನ ಮುಳ್ಳೂ ಆತನಿಗೆ ಗೊತ್ತಿದೆ.

ಕೂಟಗಳಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. 1 ಪೇತ್ರ 2:20ರ ಪ್ರಕಾರ ಯಾವ ಕಷ್ಟಕ್ಕೆ ಹೊಗಳಿಕೆಯಿಲ್ಲ? ನಮ್ಮ ಈಗಿನ ಕಷ್ಟಗಳಲ್ಲಿ ನಮ್ಮ ತಪ್ಪಿನಿಂದ ಬಂದವು ಯಾವವು?

2. ಪೇತ್ರನ ಕತ್ತಿಯು ಯಾರಿಗೆ ತಗಲಿತು? ನಮ್ಮ ಸಿಟ್ಟು ಮನೆಯಲ್ಲಿ ಯಾರಿಗೆ ತಗಲುತ್ತಿದೆ?

3. ಕೆನ್ನೆಗೆ ಹೊಡೆದವನಿಗೆ ಕರ್ತನು ಏನು ಕೇಳಿದನು? ಅದು ಸುಮ್ಮನಿರುವದಕ್ಕೂ ಜಗಳವಾಡುವದಕ್ಕೂ ಹೇಗೆ ಬೇರೆಯಾಗಿದೆ?

4. ನಮ್ಮ ಸಭೆಯಲ್ಲಿ ಅನ್ಯಾಯವಾಗಿ ಕಷ್ಟಪಡುತ್ತಿರುವವರು ಯಾರು? ಈ ತಿಂಗಳಲ್ಲಿ ಅವರೊಂದಿಗೆ ಯಾರು ನಡೆಯುವರು?